‘ನನಗೆ ಹಸಿವಾಗಿದೆ’: ಇಲ್ಲಿ ‘ನನಗೆ’ಯನ್ನು ಯಾವ ಮನೆಯಲ್ಲಿ ಕೂರಿಸಲಿ?

ಕೀಲಿಮಣೆ:

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಕನ್ನಡಕ್ಕೊಂದು ಚಿಕ್ಕ ವ್ಯಾಕರಣ ಬರೆಯುತ್ತಿದ್ದೇನೆ. ಮನುಷ್ಯರು ಓದುವ ವ್ಯಾಕರಣ ಅಲ್ಲ, ಕಂಪ್ಯೂಟರ್ ಓದುವಂಥದ್ದು. ವಾಕ್ಯ ಕೊಟ್ಟರೆ ಪದಗಳನ್ನು ಬಿಡಿಸಬೇಕು, ಯಾವುದು ಯಾವುದಕ್ಕೆ ಸೇರುತ್ತದೆ ಅಂತ ನೋಡಬೇಕು, ಕೊನೆಗೆ ಅರ್ಥವನ್ನು ಬರೆದುಕೊಡಬೇಕು. ಗ್ರಾಮರ್ ಮೇಟ್ರಿಕ್ಸ್ ಅನ್ನುವ ಸಾಧನದಿಂದ ಶುರು ಮಾಡಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಮಿಲಿ ಬೆಂಡರ್ ಮತ್ತು ಜೊತೆಗಾರರು ಮಾಡಿದ್ದು. ಕ್ರಿಯಾಪದ ಕೊನೆಗೆ ಬರುತ್ತಾ, ವಿಭಕ್ತಿ ಇದೆಯಾ, ‘ಇಲ್ಲ’ ಅನ್ನುವುದನ್ನು ಹೇಗೆ ಹೇಳುತ್ತೀರಿ ಅಂತ ಒಂದಿಷ್ಟು ಪ್ರಶ್ನೆ ಕೇಳುತ್ತದೆ. ಉತ್ತರ ತುಂಬಿದರೆ ಪುಟ್ಟದೊಂದು ವ್ಯಾಕರಣ ಕೈಗೆ ಬರುತ್ತದೆ. ಅದನ್ನು ಬೆಳೆಸುವುದು ನಮ್ಮ ಕೆಲಸ.

ಸಂಧಿ ಬಿಡಿಸುವುದೇ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಅದು ಹೇಗೋ ದಾರಿಗೆ ಬಂತು. ಸಿಕ್ಕಿಕೊಂಡಿರುವುದು ಅರ್ಥದಲ್ಲಿ.

‘ಅಜ್ಜಿ ರೊಟ್ಟಿ ತಟ್ಟಿದಳು’ ಸುಲಭ. ತಟ್ಟು ಅನ್ನುವ ಕ್ರಿಯೆಗೆ ಚೌಕಾಬಾರದ ಹಾಗೆ ಎರಡು ಮನೆ ಇವೆ ಅಂದುಕೊಳ್ಳಿ. ಮೊದಲ ಮನೆಯಲ್ಲಿ ಅಜ್ಜಿ, ಎರಡನೆಯದರಲ್ಲಿ ರೊಟ್ಟಿ.

ತಟ್ಟು (ಘ, ಅಜ್ಜಿ, ರೊಟ್ಟಿ)

‘ಘ’ ಅಂದರೆ ಆ ಘಟನೆಗೆ ಇಟ್ಟ ಗುರುತು. ಯಾವಾಗ ನಡೆಯಿತು ಅನ್ನುವುದು ಅದಕ್ಕೆ ಅಂಟಿಕೊಳ್ಳುತ್ತದೆ.

ಆಮೇಲೆ ‘ನನಗೆ ಹಸಿವಾಗಿದೆ’ ಕೊಟ್ಟೆ. ಸಾಧನ ಹಸಿವನ್ನೇ ಮೊದಲ ಮನೆಯಲ್ಲಿ ಕೂರಿಸಿತು. ಲೆಕ್ಕದ ಪ್ರಕಾರ ಅದು ತಪ್ಪಲ್ಲ. ‘ಆಗಿದೆ’ ಹೊಂದಿಕೊಳ್ಳುವುದು ಹಸಿವಿಗೆ. ‘ನನಗೆ ಹಸಿವಾಗಿದ್ದೇನೆ’ ಅಂತ ಯಾರೂ ಅನ್ನುವುದಿಲ್ಲ. ಆದರೆ ‘ನನಗೆ’ ಅನ್ನುವುದು ‘ಊರಿಗೆ’, ‘ಸಂಜೆಗೆ’ ಇವುಗಳ ಸಾಲಿನಲ್ಲಿ ಹೊರಗೆ ನಿಂತುಬಿಟ್ಟಿತು. ಹಸಿದವರನ್ನೇ ಮನೆಯಿಂದ ಆಚೆ ಹಾಕಿದ ಹಾಗಾಯಿತು.

ಇದು ಸುಮ್ನೆ ಪಂಡಿತರ ಜಗಳ ಅಂತ ನನಗೆ ಅನ್ನಿಸುವುದಿಲ್ಲ. ಹೋದ ವರ್ಷ ಅಮ್ಮನನ್ನು ಬೇರೆ ರಾಜ್ಯದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ನಾನು ಬಿಲ್ ಕಟ್ಟಲು ಹೋದಾಗ ಅಮ್ಮ ಫೋನಿನ ಅನುವಾದ ಆಪ್‌ನಲ್ಲಿ ‘ನನಗೆ ತಲೆ ಸುತ್ತುತ್ತಿದೆ’ ಅಂದಿದ್ದಾರೆ. ಅದು ‘ತಲೆ ತಿರುಗುತ್ತಿದೆ’ ಅಂತ ಅಕ್ಷರಕ್ಕೆ ಅಕ್ಷರ ಇಟ್ಟು ಹೇಳಿತು, ‘ನನಗೆ’ಯನ್ನು ಬಿಟ್ಟೇಬಿಟ್ಟಿತು. ನಾನು ವಾಪಸ್ ಬಂದಾಗ ನರ್ಸ್ ಅಮ್ಮನ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು. ಅಮ್ಮ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು.

ಹೇಳಿ, ‘ನನಗೆ’ಗೆ ಯಾವ ಮನೆ ಕೊಡಲಿ?

ಹಳೇ ಮೇಷ್ಟ್ರು:

30 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಕಂಪ್ಯೂಟರ್ ವಿಷಯ ಗೊತ್ತಿಲ್ಲ, ಈ ವಾಕ್ಯ ಚೆನ್ನಾಗಿ ಗೊತ್ತು. ಕರ್ತೃಪದ ಯಾವುದು ಅಂದರೆ ‘ಹಸಿವು’ ಅಂತ ಬರೆಸುತ್ತಿದ್ದೆವು. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಹಸಿವು ಏನು ಮಾಡ್ತು? ಆಗಿರೋದು ನನಗಲ್ವಾ?’ ಅಂದಳು. ಅವಳ ಪ್ರಶ್ನೆ ಸರಿ ಇತ್ತು. ಅವತ್ತು ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಸರಿ.

ಅವಳಿಗೆ ಹೇಳಬೇಕಾಗಿದ್ದದ್ದು ಇಷ್ಟು. ವಿಭಕ್ತಿ ಬೇರೆ, ಕಾರಕ ಬೇರೆ. ವಿಭಕ್ತಿ ಅನ್ನುವುದು ಪದದ ಮೈಮೇಲೆ ಕಾಣುವ ಗುರುತು: ಅನ್ನು, ಇಂದ, ಗೆ, ಅಲ್ಲಿ. ಕಾರಕ ಅನ್ನುವುದು ಕ್ರಿಯೆಯ ಜೊತೆ ಆ ಪದಕ್ಕಿರುವ ನಂಟು. ಪಾಣಿನಿ ಇವೆರಡನ್ನೂ ಬೇರೆ ಬೇರೆ ಇಟ್ಟೇ ಸೂತ್ರ ಬರೆದದ್ದು. ‘ಮಗುವಿಗೆ ಹಾಲು ಕೊಟ್ಟೆ’, ‘ಊರಿಗೆ ಹೋದೆ’, ‘ಮಗುವಿಗೆ ಜ್ವರ ಬಂತು’ ಮೂರರಲ್ಲೂ ‘ಗೆ’ ಒಂದೇ, ನಂಟು ಮೂರು ಥರ. ಶಾಲೆಯ ಪುಸ್ತಕದಲ್ಲಿ ಚತುರ್ಥಿ ಅಂದರೆ ಸಂಪ್ರದಾನ ಅಂತ ಪಕ್ಕಪಕ್ಕದಲ್ಲಿ ಪಟ್ಟಿ ಹಾಕಿಬಿಡುತ್ತೇವೆ. ಮಕ್ಕಳು ಎರಡೂ ಒಂದೇ ಅಂದುಕೊಳ್ಳುತ್ತಾರೆ. ನಿಮ್ಮ ಸಾಧನ ಮಾಡಿದ್ದೂ ಅದೇ ತಪ್ಪು.

ಗೆರೆಗೀಟು:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕೆಲವು ವರ್ಷ ವಾಕ್ಯಗಳಿಗೆ ಗುರುತು ಹಾಕುವ ಕೆಲಸ ಮಾಡಿದ್ದೇನೆ. ಹೈದರಾಬಾದಿನ ಟ್ರಿಪಲ್ ಐಟಿಯಲ್ಲಿ ಭಾರತೀಯ ಭಾಷೆಗಳಿಗಾಗಿ ಒಂದು ಪದ್ಧತಿ ಮಾಡಿದ್ದಾರೆ, ಕಾರಕದ ತಳಹದಿ ಮೇಲೆಯೇ. ಕೆ1 ಕರ್ತೃ, ಕೆ2 ಕರ್ಮ, ಕೆ3 ಕರಣ, ಕೆ4 ಸಂಪ್ರದಾನ, ಹೀಗೆ. ‘ನನಗೆ ಹಸಿವಾಗಿದೆ’ಯಂಥ ವಾಕ್ಯಕ್ಕೆ ಅಂತಲೇ ಕೆ4ಎ ಅನ್ನುವ ಗುರುತು ಇದೆ. ಹೆಸರು ಅನುಭವಕರ್ತೃ. ಹಿಂದಿಯ ‘ಮುಝೆ ಭೂಖ್ ಲಗೀ ಹೈ’ಗೂ ಅದೇ. ಅನುಭವಿಸುವವರು ಅನ್ನುವುದೂ ಉಳಿಯಿತು, ನಾಲ್ಕನೇ ವಿಭಕ್ತಿ ಅನ್ನುವುದೂ ಉಳಿಯಿತು.

ಈ ‘ನನಗೆ’ ಬರೀ ಹೊರಗಿನ ಅಲಂಕಾರ ಅಲ್ಲ ಅನ್ನುವುದಕ್ಕೆ ಎರಡು ವಾಕ್ಯ ನೋಡಿ.

‘ಅವಳಿಗೆ ತನ್ನ ತಮ್ಮನ ಮೇಲೆ ಸಿಟ್ಟು ಬಂತು.’ ತನ್ನ ಅಂದರೆ ಯಾರ? ಅವಳ. ಸಿಟ್ಟಿನ ತಮ್ಮ ಅಲ್ಲ.

‘ಮಗುವಿಗೆ ಬಿಸಿಲಲ್ಲಿ ಆಡಿ ಜ್ವರ ಬಂತು.’ ಆಡಿದ್ದು ಯಾರು? ಮಗು. ಜ್ವರ ಆಡಲಿಲ್ಲ.

ಎರಡರಲ್ಲೂ ಕ್ರಿಯಾಪದ ಹೊಂದಿರುವುದು ಸಿಟ್ಟಿಗೆ, ಜ್ವರಕ್ಕೆ. ವಾಕ್ಯದ ಯಜಮಾನಿಕೆ ಮಾತ್ರ ‘ಗೆ’ ಹತ್ತಿದವರದು.

ಬೆಳವಲ:

ಎರಡನೇ ಪರೀಕ್ಷೆ ಗಟ್ಟಿ ಇಲ್ಲ. ‘ಮಳೆ ಬಂದು ಕೆರೆ ತುಂಬಿತು’ ಅನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಕನ್ನಡದಲ್ಲಿ ‘ಬಂದು’, ‘ಆಡಿ’ ಇವುಗಳ ಕರ್ತೃ ಮುಖ್ಯ ಕ್ರಿಯಾಪದದ ಕರ್ತೃವೇ ಆಗಿರಬೇಕು ಅಂತೇನೂ ಇಲ್ಲ.

ಗೆರೆಗೀಟು:

ಒಳ್ಳೆಯ ಉದಾಹರಣೆ, ಒಪ್ಪಿದೆ. ಆದರೆ ಅಲ್ಲಿ ‘ಮಳೆ’ ಅಂತ ಬಾಯಿಬಿಟ್ಟು ಹೇಳಿದ್ದೀರಿ. ನನ್ನ ವಾಕ್ಯದಲ್ಲಿ ‘ಆಡಿ’ಗೆ ಯಾರೂ ಇಲ್ಲ, ಮನೆ ಖಾಲಿ ಇದೆ. ಖಾಲಿ ಮನೆಗೆ ಯಾರು ಬಂದು ಕೂರಬಹುದು ಅನ್ನುವುದು ಪ್ರಶ್ನೆ. ‘ಮಗುವಿಗೆ’ ಬಂದು ಕೂರುತ್ತದೆ, ಜ್ವರ ಕೂರುವುದಿಲ್ಲ. ಪರೀಕ್ಷೆಯನ್ನು ಇಷ್ಟಕ್ಕೇ ಸೀಮಿತ ಮಾಡಿದರೆ ನಿಲ್ಲುತ್ತದೆ ಅಂತ ನನ್ನ ನಂಬಿಕೆ.

ತುಂಗಾತೀರ:

‘ಯಜಮಾನಿಕೆ’ ಅನ್ನುವ ಮಾತೇ ನನಗೆ ಒಪ್ಪಿಗೆ ಇಲ್ಲ. ವಾಕ್ಯಕ್ಕೊಬ್ಬ ಯಜಮಾನ ಬೇಕೇ ಬೇಕು ಅಂದವರು ಯಾರು? ಡಿ. ಎನ್. ಶಂಕರ ಭಟ್ಟರು 1991ರಲ್ಲೇ ಇದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಸಬ್ಜೆಕ್ಟ್, ಆಬ್ಜೆಕ್ಟ್ ಅನ್ನುವ ಸಂಬಂಧಗಳು ಎಲ್ಲ ಭಾಷೆಗೂ ಬೇಕಾಗಿಲ್ಲ ಅನ್ನುವುದು ಅವರ ವಾದ. ಅದಕ್ಕೆ ಮುಖ್ಯ ಸಾಕ್ಷಿ ನಮ್ಮ ಕನ್ನಡ. ಇಂಗ್ಲಿಷಿನಲ್ಲಿ ಯಾರು ಮಾಡಿದರು ಅನ್ನುವುದನ್ನೂ, ಯಾರ ಬಗ್ಗೆ ಮಾತು ಅನ್ನುವುದನ್ನೂ ಕ್ರಿಯಾಪದದ ಮುಂದಿನ ಒಂದೇ ಜಾಗ ಹೊತ್ತುಕೊಂಡಿದೆ. ಕನ್ನಡದಲ್ಲಿ ಪಾತ್ರವನ್ನು ವಿಭಕ್ತಿ ಹೇಳುತ್ತದೆ, ಒತ್ತು ಎಲ್ಲಿ ಅನ್ನುವುದನ್ನು ಪದಗಳು ಬರುವ ಸಾಲು ಹೇಳುತ್ತದೆ. ‘ಹಸಿವಾಗಿದೆ ನನಗೆ’ ಅಂದರೂ ಪಾತ್ರ ಬದಲಾಗುವುದಿಲ್ಲ.

ಹಾಗಾಗಿ ಕೀಲಿಮಣೆಯವರೇ, ಒಂದು, ಎರಡು ಅಂತ ಮನೆಗೆ ನಂಬರ್ ಹಾಕುವುದನ್ನೇ ಬಿಡಿ. ಅನುಭವಿಸುವವರು, ಮಾಡುವವರು ಅಂತ ಹೆಸರು ಹಾಕಿ.

ಕೀಲಿಮಣೆ:

ಹೆಸರು ಹಾಕಲು ಹೋಗಿ ಸೋತಿದ್ದೇನೆ ತುಂಗಾತೀರ ಅವರೇ. ‘ಅವನಿಗೆ ಕೆಲಸ ಸಿಕ್ಕಿತು’ ಅಂದರೆ ಅವನು ಅನುಭವಿಸುವವನಾ, ಪಡೆಯುವವನಾ? ‘ಅವಳಿಗೆ ಈಜು ಬರುತ್ತದೆ’ ಅಂದರೆ? ‘ಅವರಿಗೆ ಮೂರು ಮಕ್ಕಳು’ ಅಂದರೆ? ಇಬ್ಬರು ಕೂತು ಗುರುತು ಹಾಕಿದರೆ ಇಬ್ಬರದೂ ಬೇರೆ ಬೇರೆ. ನಂಬರಿನಲ್ಲಿ ಆ ತಾಪತ್ರಯ ಇಲ್ಲ. ಈ ಕ್ರಿಯಾಪದದ ಮೊದಲ ಮನೆ ಅಂದರೆ ಇಂಥವರು ಅಂತ ಪ್ರತಿ ಕ್ರಿಯಾಪದದ ಪಕ್ಕ ಒಂದು ಸಾಲು ಬರೆದಿಟ್ಟರೆ ಸಾಕು.

ಬೆಳವಲ:

ನಂಬರೋ ಹೆಸರೋ, ವಿಭಕ್ತಿಯನ್ನು ಮಾತ್ರ ಎಸೆಯಬೇಡಿ. ಯಾಕೆ ಅಂದರೆ ಈ ಎರಡನ್ನು ಜೋರಾಗಿ ಓದಿ.

‘ನೀನು ಹೋಗಬೇಕಾ?’

‘ನಿನಗೆ ಹೋಗಬೇಕಾ?’

ಮೊದಲನೆಯದು, ಹೋಗಲೇಬೇಕಾದ ಕೆಲಸ ಇದೆಯಾ ಅಂತ. ಎರಡನೆಯದು, ಹೋಗುವ ಮನಸ್ಸಿದೆಯಾ ಅಂತ. ನಮ್ಮ ಮನೆಯಲ್ಲಿ ಅಜ್ಜಿ, ಮದುವೆಯಾದ ಅಕ್ಕ ಬ್ಯಾಗ್ ಹಿಡಿದು ನಿಂತಾಗ ಎರಡನೆಯದನ್ನೇ ಕೇಳುತ್ತಿದ್ದರು. ಅಕ್ಕ ಉತ್ತರ ಕೊಡದೆ ಬ್ಯಾಗ್ ಕೆಳಗಿಡುತ್ತಿದ್ದಳು. ಇಡೀ ಮಾತು ನಿಂತಿರುವುದು ‘ನೀನು’, ‘ನಿನಗೆ’ ಇವುಗಳ ನಡುವೆ. ‘ಬೇಕು’ ಎರಡೂ ಕಡೆ ಒಂದೇ.

2013ರಲ್ಲಿ ಎಎಂಆರ್ ಅನ್ನುವ ಪದ್ಧತಿ ಬಂತು. ವಾಕ್ಯದ ಅರ್ಥವನ್ನು ಗಂಟುಗಳ ಬಲೆಯ ಹಾಗೆ ಬರೆಯುತ್ತದೆ. ಅದು ಇಂಗ್ಲಿಷಿಗೆ ಮಾಡಿದ್ದು, ಕಾಲವನ್ನೂ ಏಕವಚನ ಬಹುವಚನವನ್ನೂ ಬೇಕಂತಲೇ ಬಿಡುತ್ತದೆ. ಅದರಲ್ಲಿ ‘ಬಯಸು’ ಅಂತ ಒಂದು ಗಂಟು ಹಾಕಿ, ಬಯಸುವವರನ್ನು ಮೊದಲ ಮನೆಯಲ್ಲಿಟ್ಟರೆ ಎರಡನೇ ಪ್ರಶ್ನೆ ಬರೆಯಬಹುದು. ಆದರೆ ಅದು ‘ಬಯಸು’ ಅನ್ನುವ ಅರ್ಥದ ಇಂಗ್ಲಿಷ್ ಕ್ರಿಯಾಪದದ ಮನೆ. ಅಜ್ಜಿ ‘ಬಯಸುತ್ತೀಯಾ’ ಅಂತ ಕೇಳಲಿಲ್ಲ.

ಹಳೇ ಮೇಷ್ಟ್ರು:

ಬೆಳವಲ ಅವರೇ, ಎಂಥ ಉದಾಹರಣೆ ಕೊಟ್ಟಿರಿ! ನನ್ನ ಮೊಮ್ಮಗಳಿಗೆ ಓದಿ ಹೇಳಿದೆ. ಅವಳು ಅಲ್ಲಿ ‘ನಿನಗೆ ಹೋಗಬೇಕಾಗಿದೆಯಾ’ ಅಂದರೆ ಮತ್ತೆ ಕೆಲಸವಿದೆಯಾ ಅಂತ ಅರ್ಥ ಅಲ್ವಾ ತಾತ ಅಂದಳು. ನಿಜ. ‘ಆಗಿದೆ’ ಸೇರಿದ ಕೂಡಲೇ ಮನಸ್ಸಿನ ಮಾತು ಮತ್ತೆ ಕಟ್ಟುಪಾಡಿನ ಕಡೆ ವಾಲುತ್ತದೆ.

ಕೀಲಿಮಣೆ:

ಇದನ್ನು ಬರೆದುಕೊಂಡೆ. ಈಗ ಇನ್ನೊಂದು ಗಂಟು. ‘ನಾನು ಎರಡು ಪುಸ್ತಕ ಓದಲಿಲ್ಲ.’

ಮೇಜಿನ ಮೇಲೆ ಐದು ಪುಸ್ತಕ ಇದ್ದವು, ಮೂರು ಓದಿದೆ, ಎರಡು ಉಳಿದವು. ಈ ಅರ್ಥ ಆಗಬಹುದು. ಅಥವಾ, ಎರಡು ಓದಿದೆ ಅಂತ ಯಾರೋ ಹೇಳಿದರು, ಇಲ್ಲ, ಓದಿದ್ದು ಒಂದೇ. ಈ ಅರ್ಥವೂ ಆಗಬಹುದು. ಮೊದಲನೆಯದರಲ್ಲಿ ‘ಎರಡು’ ಮೇಲೆ, ‘ಇಲ್ಲ’ ಅದರ ಕೆಳಗೆ. ಎರಡನೆಯದರಲ್ಲಿ ‘ಇಲ್ಲ’ ಮೇಲೆ, ‘ಎರಡು’ ಅದರ ಹೊಟ್ಟೆಯೊಳಗೆ. ಸಾಧನ ಯಾವುದನ್ನು ಆರಿಸಬೇಕು?

ಗೆರೆಗೀಟು:

ಯಾವುದನ್ನೂ ಆರಿಸಬಾರದು. ನೀವು ಹಿಡಿದಿರುವ ಮೇಟ್ರಿಕ್ಸ್ ಅರ್ಥ ಬರೆಯುವುದು ಎಂಆರ್‌ಎಸ್ ಪದ್ಧತಿಯಲ್ಲಿ. ಕೇಂಬ್ರಿಡ್ಜಿನ ಆನ್ ಕೋಪ್‌ಸ್ಟೇಕ್, ಡ್ಯಾನ್ ಫ್ಲಿಕಿಂಜರ್, ಕಾರ್ಲ್ ಪೊಲಾರ್ಡ್, ಐವನ್ ಸ್ಯಾಗ್ ಸೇರಿ ಬರೆದ ಪೂರ್ಣ ವಿವರಣೆ 2005ರಲ್ಲಿ ಅಚ್ಚಾಯಿತು. ಪದ್ಧತಿ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಅದರ ಜೀವಾಳವೇ ಇದು. ಅರ್ಥದ ತುಂಡುಗಳನ್ನು ಒಂದರೊಳಗೊಂದು ತುರುಕದೆ, ಸಾಲಾಗಿ ಹರಡಿ ಇಡುತ್ತದೆ. ಪ್ರತಿ ತುಂಡಿಗೂ ‘ಹಿ’ ಅಂತ ಒಂದು ಹಿಡಿ; ‘ಪು’ ಅಂದರೆ ಪುಸ್ತಕಕ್ಕೆ ಇಟ್ಟ ಗುರುತು. ಸ್ವಲ್ಪ ಸರಳ ಮಾಡಿ ಬರೆದರೆ ಹೀಗೆ:

ಹಿ1: ಎರಡು (ಪು, ಹಿ2, ಹಿ3)
ಹಿ4: ಪುಸ್ತಕ (ಪು)
ಹಿ5: ಇಲ್ಲ (ಹಿ6)
ಹಿ7: ಓದು (ಘ, ನಾನು, ಪು)

ಹಿ2ರ ಜಾಗಕ್ಕೆ ಪುಸ್ತಕವೇ ಬರಬೇಕು ಅಂತ ಒಂದು ಷರತ್ತು. ‘ಇಲ್ಲ’ದ ಹೊಟ್ಟೆಯೊಳಗೆ, ಅಂದರೆ ಹಿ6ರ ಕೆಳಗೆಲ್ಲೋ, ‘ಓದು’ ಇರಲೇಬೇಕು ಅಂತ ಇನ್ನೊಂದು. ಹಿ3ರಲ್ಲಿ ಏನು ಕೂರುತ್ತದೆ ಅಂತ ಹೇಳುವುದೇ ಇಲ್ಲ. ಅಲ್ಲಿ ‘ಇಲ್ಲ’ ಕೂತರೆ ಉಳಿದ ಎರಡು ಪುಸ್ತಕದ ಅರ್ಥ. ‘ಓದು’ ಕೂತು, ಆ ಇಡೀ ಕಟ್ಟು ಹಿ6ಕ್ಕೆ ಹೋದರೆ ಒಂದೇ ಓದಿದ ಅರ್ಥ. ಕಟ್ಟುವುದನ್ನು ಮುಂದೆ ಬೇಕಾದವರು, ಬೇಕಾದಾಗ ಮಾಡುತ್ತಾರೆ. ವಾಕ್ಯ ಹೇಳಿಲ್ಲದ್ದನ್ನು ವ್ಯಾಕರಣ ಹೇಳಬಾರದು.

ಇದು ನಮಗೆ ಹೊಸ ಮಾತೂ ಅಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಆಮೇಲೆ ಹೈದರಾಬಾದಿಗೆ ಬಂದ ‘ಅನುಸಾರಕ’ ಅನ್ನುವ ಅನುವಾದದ ಸಾಧನ ನೆನಪಿದೆಯಾ? ಕನ್ನಡದಿಂದ ಹಿಂದಿಗೂ ಒಂದು ಅನುಸಾರಕ ಇತ್ತು. ನಯವಾದ ಹಿಂದಿ ಕೊಡುವುದು ಅದರ ಗುರಿ ಆಗಿರಲಿಲ್ಲ. ಮೂಲದಲ್ಲಿ ಏನಿದೆಯೋ ಅದು ಒಂದಿಷ್ಟೂ ಸೋರಬಾರದು, ಎರಡರ್ಥ ಇದ್ದರೆ ಎರಡೂ ಓದುವವರ ಕಣ್ಣಿಗೆ ಬೀಳಬೇಕು, ತೀರ್ಮಾನ ಓದುವವರದು. ಆ ಹಿಂದಿ ಓದಲು ಒರಟು. ಆದರೆ ಇದ್ದದ್ದನ್ನು ನುಂಗಿಹಾಕುತ್ತಿರಲಿಲ್ಲ. ನಿಮ್ಮ ಅಮ್ಮನ ಫೋನ್ ಮಾಡಿದ್ದು ಇದಕ್ಕೆ ಉಲ್ಟಾ.

ತುಂಗಾತೀರ:

‘ಎರಡು ಪುಸ್ತಕವನ್ನೂ ಓದಲಿಲ್ಲ’ ಅಂದರೆ? ಅಲ್ಲಿ ಒಂದೇ ಅರ್ಥ, ಎರಡರಲ್ಲಿ ಯಾವುದನ್ನೂ ಓದಿಲ್ಲ. ಆ ‘ಊ’ ಬಂದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಯಾವಾಗ ತೆರೆದಿಡಬೇಕು ಅಂತಷ್ಟೇ ಅಲ್ಲ, ಯಾವಾಗ ಮುಚ್ಚಬೇಕು ಅನ್ನುವುದನ್ನೂ ವ್ಯಾಕರಣ ಕಲಿಯಬೇಕು.

ಹೊಂಗೆನೆರಳು:

ಮೊದಲ ಸಲ ಬರೆಯುತ್ತಿದ್ದೇನೆ. ಮಕ್ಕಳ ಮಾತಿನ ಬಗ್ಗೆ ಓದುವವಳು ನಾನು. ನೀವು ಕೊಟ್ಟ ವಾಕ್ಯದಂಥವನ್ನೇ ಇಟ್ಟುಕೊಂಡು ಕನ್ನಡದ ಮಕ್ಕಳ ಜೊತೆ ಕೆಲಸ ಆಗಿದೆ, ನೋಡಿ. ಜೆಫ್ರಿ ಲಿಡ್ಜ್, ಜೂಲಿಯನ್ ಮ್ಯೂಸೊಲಿನೊ ಅನ್ನುವ ಇಬ್ಬರು 2002ರಲ್ಲಿ ಪ್ರಕಟಿಸಿದ್ದು. ದೊಡ್ಡವರಿಗೆ ಎರಡೂ ಅರ್ಥ ಹೊಳೆಯಿತು. ನಾಲ್ಕು ವರ್ಷದ ಮಕ್ಕಳು ಮಾತ್ರ ‘ಇಲ್ಲ’ ಮೇಲಿರುವ ಅರ್ಥದ ಕಡೆ ವಾಲಿದರು. ಇಂಗ್ಲಿಷ್ ಮಕ್ಕಳೂ ಹಾಗೇ. ಇಲ್ಲಿ ಕುತೂಹಲದ ವಿಷಯ ಏನಂದರೆ, ಇಂಗ್ಲಿಷಿನಲ್ಲಿ ‘ಇಲ್ಲ’ ಮೊದಲು ಬರುತ್ತದೆ, ಕನ್ನಡದಲ್ಲಿ ಕೊನೆಗೆ. ಕಿವಿಗೆ ಮೊದಲು ಬಿದ್ದದ್ದು ಮೇಲೆ ಅಂತಾಗಿದ್ದರೆ ನಮ್ಮ ಮಕ್ಕಳು ‘ಎರಡು’ ಮೇಲೆ ಅನ್ನಬೇಕಿತ್ತು. ಅನ್ನಲಿಲ್ಲ. ಅವರು ನೋಡಿದ್ದು ಪದಗಳ ಸಾಲನ್ನಲ್ಲ, ವಾಕ್ಯದ ಒಳಕಟ್ಟನ್ನು.

ಇನ್ನೊಂದು. ಅದೇ ಲಿಡ್ಜ್, ಗ್ಲೈಟ್‌ಮನ್ ದಂಪತಿ ಜೊತೆ ಸೇರಿ 2003ರಲ್ಲಿ ‘ಇಸು’ ಪ್ರತ್ಯಯದ ಬಗ್ಗೆ ಬರೆದರು. ಮೂರು ವರ್ಷದ ಕನ್ನಡದ ಮಕ್ಕಳಿಗೆ ಗೊಂಬೆ ಕೊಟ್ಟು, ಹೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ವಾಕ್ಯದಲ್ಲಿ ಎರಡು ನಾಮಪದ ಇದ್ದರೆ ಮಕ್ಕಳು ಒಂದು ಇನ್ನೊಂದರಿಂದ ಮಾಡಿಸಿದ ಹಾಗೆ ಆಡಿದರು, ‘ಇಸು’ ಇರಲಿ ಬಿಡಲಿ. ಅವರು ನಂಬಿದ್ದು ಎಷ್ಟು ಮನೆ ತುಂಬಿವೆ ಅನ್ನುವುದನ್ನು, ಪ್ರತ್ಯಯವನ್ನಲ್ಲ. ನಿಮ್ಮ ಸಾಧನ ‘ಇಸು’ವನ್ನು ಹೇಗೆ ನೋಡುತ್ತದೆ?

ಕೀಲಿಮಣೆ:

ಅಯ್ಯೋ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಅಕ್ಕಾ. ‘ಇಸು’ ಕಂಡಲ್ಲೆಲ್ಲ ‘ಮಾಡುವಂತೆ ಮಾಡು’ ಅಂತ ಒಂದು ತುಂಡು ಸೇರಿಸುವ ನಿಯಮ ಬರೆದಿದ್ದೆ. ಕುಣಿ, ಕುಣಿಸು. ನಗು, ನಗಿಸು. ಚೆನ್ನಾಗಿಯೇ ನಡೆಯುತ್ತಿತ್ತು. ನಿಮ್ಮ ಮಾತು ಓದಿ ‘ಅವಳು ಯೋಚಿಸಿದಳು’ ಕೊಟ್ಟು ನೋಡಿದೆ. ಅವಳು ಯಾರಿಂದಲೋ ‘ಯೋಚ’ ಅನ್ನುವುದನ್ನು ಮಾಡಿಸಿದಳು ಅಂತ ಬಂತು! ಪ್ರೀತಿಸು, ಯೋಚಿಸು, ಬಂಧಿಸು, ಇವುಗಳಲ್ಲಿ ‘ಇಸು’ ನಾಮಪದವನ್ನು ಕ್ರಿಯಾಪದ ಮಾಡುತ್ತದೆ ಅಷ್ಟೇ, ಯಾರನ್ನೂ ದುಡಿಸುವುದಿಲ್ಲ. ನಿಯಮವನ್ನು ಈಗಷ್ಟೇ ತೆಗೆದೆ. ಕ್ರಿಯಾಪದವೇ ಬುಡದಲ್ಲಿದ್ದು, ಒಂದು ಮನೆ ಜಾಸ್ತಿ ತುಂಬಿದ್ದರೆ ಮಾತ್ರ ಆ ತುಂಡು.

ಬೆಳವಲ:

ಪದಗಳ ಅರ್ಥವನ್ನು ಎಲ್ಲಿಂದ ತರುತ್ತೀರಿ? ‘ಹೊಡೆ’ಗೆ ಎಷ್ಟು ಅರ್ಥ ಇಟ್ಟಿದ್ದೀರಿ? ಗಂಟೆ ಹೊಡೆ, ಬಣ್ಣ ಹೊಡೆ, ಸೀಟಿ ಹೊಡೆ, ಕಣ್ಣು ಹೊಡೆ, ಕಾಪಿ ಹೊಡೆ, ನಿದ್ದೆ ಹೊಡೆ, ವಾಸನೆ ಹೊಡೆ, ಗಾಡಿ ಹೊಡೆ...

ಗೆರೆಗೀಟು:

ನಮ್ಮ ಗುರುತಿನಲ್ಲಿ ಇದಕ್ಕೆ ‘ಪಿಒಎಫ್’ ಅಂತ ಇದೆ. ನಿದ್ದೆ ಹೊಡೆ ಅನ್ನುವಲ್ಲಿ ನಿದ್ದೆ ಕರ್ಮ ಅಲ್ಲ, ಕ್ರಿಯಾಪದದ್ದೇ ಒಂದು ಭಾಗ. ಬಾಗಿಲು ಹೊಡೆ ಅನ್ನುವಲ್ಲಿ ಬಾಗಿಲು ಕರ್ಮ. ಮೊದಲು ಈ ಎರಡು ಗುಂಪು ಮಾಡಿ.

ಅರ್ಥ ಎಷ್ಟು ಅನ್ನುವುದಕ್ಕೆ ಫ್ಲಿಕಿಂಜರ್ ಅವರ ಇಂಗ್ಲಿಷ್ ವ್ಯಾಕರಣದ ದಾರಿ ನನಗೆ ಹಿಡಿಸುತ್ತದೆ. 1990ರ ದಶಕದಿಂದ ಬೆಳೆಸುತ್ತಾ ಬಂದದ್ದು. ವ್ಯಾಕರಣದ ಕಣ್ಣಿಗೆ ಕಾಣುವ ವ್ಯತ್ಯಾಸ ಇದ್ದರೆ ಮಾತ್ರ ಅಲ್ಲಿ ಒಂದೇ ಪದಕ್ಕೆ ಎರಡು ಹೆಸರು. ಉಳಿದದ್ದನ್ನು ಒಂದೇ ಹೆಸರಿನಲ್ಲಿ ಬಿಟ್ಟು, ನಿಘಂಟಿನ ಕೆಲಸ ನಿಘಂಟಿಗೆ.

ಹಳೇ ಮೇಷ್ಟ್ರು:

ನಿಘಂಟು ಅಂದಿರಿ, ಒಂದು ಮಾತು. ‘ಅತ್ತೆ’ಗೆ ಎಷ್ಟು ಅರ್ಥ?

ತುಂಗಾತೀರ:

ಮೂರು. ಅಪ್ಪನ ಅಕ್ಕ ಅಥವಾ ತಂಗಿ, ಮಾವನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ. ವರ್ಡ್‌ನೆಟ್ ಅನ್ನುವ, ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿಡುವ ನಿಘಂಟಿನಲ್ಲಿ ಅಷ್ಟೂ ಬೇರೆ ಬೇರೆ ಗುಂಪು ಆಗಬೇಕು. ಪ್ರಿನ್ಸ್‌ಟನ್‌ನಲ್ಲಿ ಜಾರ್ಜ್ ಮಿಲ್ಲರ್ 1985ರಲ್ಲಿ ಶುರು ಮಾಡಿದಾಗಿನಿಂದ ಅದರ ಪದ್ಧತಿಯೇ ಅದು, ಒಂದು ಅರ್ಥಕ್ಕೆ ಒಂದು ಗುಂಪು.

ಹೊಂಗೆನೆರಳು:

ಮೂರು ಅಂತ ಅನ್ನಿಸುವುದು ಹಿಂದಿಯ ಕನ್ನಡಕ ಹಾಕಿಕೊಂಡಾಗ. ಅಲ್ಲಿ ಬುವಾ, ಮಾಮಿ, ಸಾಸ್ ಅಂತ ಮೂರು ಪದ ಇವೆ. ನಮ್ಮ ದೇಶದ ವರ್ಡ್‌ನೆಟ್‌ಗಳು ಹಿಂದಿಯದನ್ನು ಬುನಾದಿ ಮಾಡಿಕೊಂಡು ಬೆಳೆದವು. ಹಿಂದಿಯ ಮೂರು ಗುಂಪಿಗೂ ಕನ್ನಡದ ಕಡೆ ‘ಅತ್ತೆ’ ಅಂತ ತುಂಬಿದರೆ ಅತ್ತೆಗೆ ಮೂರು ಅರ್ಥ ಹುಟ್ಟಿಬಿಡುತ್ತದೆ. ಆದರೆ ಸೋದರತ್ತೆಯ ಮಗನನ್ನೋ ಮಾವನ ಮಗಳನ್ನೋ ಮದುವೆಯಾಗುವ ಮನೆಗಳಲ್ಲಿ ಮೂವರೂ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಆ ಜಾಗಕ್ಕೆ ಇಟ್ಟ ಹೆಸರು ಅತ್ತೆ.

ಪರೀಕ್ಷೆ ಮಾಡುವುದು ಸುಲಭ, ಎಣಿಸಿ ನೋಡಿ. ‘ಮದುವೆಗೆ ನನ್ನ ಇಬ್ಬರು ಅತ್ತೆಯರೂ ಬಂದಿದ್ದರು’ ಅಂದರೆ ಒಬ್ಬರು ಅಪ್ಪನ ತಂಗಿ, ಇನ್ನೊಬ್ಬರು ಮಾವನ ಹೆಂಡತಿ ಆಗಿರಬಹುದು, ವಾಕ್ಯ ಸಲೀಸಾಗಿ ನಿಲ್ಲುತ್ತದೆ. ‘ಹರಿ’ಯನ್ನು ಹಾಗೆ ಎಣಿಸಲಾಗುವುದಿಲ್ಲ. ‘ನೀರೂ ಬಟ್ಟೆಯೂ ಹರಿದವು’ ಅಂತ ಯಾರಾದರೂ ಅಂದರೆ ಕಿವಿ ಚುರ್ರ್ ಅನ್ನುತ್ತದೆ. ಅವು ನಿಜಕ್ಕೂ ಎರಡು ಪದ.

ತುಂಗಾತೀರ:

ಎಣಿಸುವ ಪರೀಕ್ಷೆ ಒಪ್ಪಿದೆ. ಆದರೆ ಗಂಡನ ತಾಯಿಯನ್ನೂ ಅಪ್ಪನ ತಂಗಿಯನ್ನೂ ಸೇರಿಸಿ ‘ಇಬ್ಬರು ಅತ್ತೆಯರು’ ಅನ್ನಲು ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ. ನಮ್ಮ ಮನೆಯಲ್ಲಿ ಸೋದರಿಕೆಯಲ್ಲಿ ಮದುವೆ ನಿಂತು ಎರಡು ತಲೆಮಾರಾಯಿತು. ಪದ ಒಡೆಯಲು ಶುರುವಾಗಿದೆಯೋ ಏನೋ.

ಹಳೇ ಮೇಷ್ಟ್ರು:

ನಮ್ಮ ಮನೆಯಲ್ಲಿ ಇನ್ನೂ ಒಡೆದಿಲ್ಲ. ನನ್ನ ಸೋದರತ್ತೆಯೇ ನನಗೆ ಹೆಣ್ಣು ಕೊಟ್ಟವರು.

ಕೀಲಿಮಣೆ:

ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿ ಕೂತು ಬದಲಾಯಿಸಿದ್ದು ಇಷ್ಟು. ‘ಆಗು’, ‘ಬರು’, ‘ಬೇಕು’ ಇವುಗಳ ಒಂದು ಬಗೆಗೆ ‘ಗೆ’ ಹತ್ತಿದ ಪದಕ್ಕೆ ಒಳಗೇ ಮನೆ ಕೊಟ್ಟೆ. ‘ತನ್ನ’ ಮತ್ತು ಖಾಲಿ ಮನೆ, ಎರಡೂ ಮೊದಲು ಅಲ್ಲಿಗೇ ಹೋಗಿ ಹುಡುಕುತ್ತವೆ. ಕ್ರಿಯಾಪದ ಹೊಂದುವುದು ಮಾತ್ರ ಹಿಂದಿನ ಹಾಗೆ ಹಸಿವಿಗೇ. ಎರಡು ಕೆಲಸ ಎರಡು ಕಡೆ ಇರಲಿ ಅಂತ ಬಿಟ್ಟೆ. ವಿಭಕ್ತಿಯನ್ನು ಅರ್ಥದ ಪಟ್ಟಿಯಲ್ಲೂ ಉಳಿಸಿಕೊಂಡಿದ್ದೇನೆ, ಬೆಳವಲ ಅವರ ಅಜ್ಜಿಗೋಸ್ಕರ.

ಮಗುವಿನ ವಾಕ್ಯ ಕೊಟ್ಟೆ. ಬಂದದ್ದು:

ಆಡು (ಘ1, ಮಗು)
ಬರು (ಘ2, ಮಗು, ಜ್ವರ)

ಎರಡೂ ಕಡೆ ಮಗು ಕಂಡಾಗ ಹನ್ನೆರಡು ಗಂಟೆ ದಾಟಿತ್ತು. ‘ತಲೆ ಸುತ್ತುತ್ತಿದೆ’ ಇನ್ನೂ ಸರಿಯಾಗಿಲ್ಲ. ಅಲ್ಲಿ ತಲೆ ಪಿಒಎಫ್ ಆಗಬೇಕು ಅಂತ ಕಾಣುತ್ತದೆ, ಆದರೆ ‘ಫ್ಯಾನ್ ಸುತ್ತುತ್ತಿದೆ’ ಅಂದಾಗ ಫ್ಯಾನ್ ನಿಜವಾಗಿಯೂ ಸುತ್ತುತ್ತದೆ. ‘ಅತ್ತೆ’ಯನ್ನು ಸದ್ಯಕ್ಕೆ ಒಂದೇ ಪದವಾಗಿ ಇಟ್ಟಿದ್ದೇನೆ. ದೇಹದ ಭಾಗ ಬರುವ ಇಂಥ ವಾಕ್ಯಗಳು ನಿಮ್ಮ ನಿಮ್ಮ ಊರಿನ ಮಾತಿನಲ್ಲಿ ಹೇಗಿವೆಯೋ ಹಾಗೇ ಇಲ್ಲಿ ಬರೆದು ಹಾಕುತ್ತೀರಾ? ಹೊಟ್ಟೆ ಉರಿ, ಬಾಯಿ ಆರು, ಕಣ್ಣು ಕತ್ತಲೆ ಬರು, ಯಾವುದಾದರೂ ಸರಿ.

ಬೆಳವಲ:

‘ನನಗ ಕೈಕಾಲು ಸೋತಾವ.’ ಇದನ್ನು ಮೊದಲು ಹಾಕಿ. ಇಲ್ಲಿ ಕ್ರಿಯಾಪದ ಕೈಕಾಲಿಗೆ ಹೊಂದಿ ಬಹುವಚನ ಆಗಿದೆ. ಕೈಕಾಲನ್ನು ಪಿಒಎಫ್ ಮಾಡಿದರೆ ಅದಕ್ಕೆ ಏನು ಹೇಳುತ್ತೀರಿ?